ಟೈರಿನ ಮರೆಯ ಹದಿನೆಂಟು ಕಿಲೋಮೀಟರು

ಜಗಲಿಯ ಮೆಟ್ಟಿಲಿಗೆ ಗಾಡಿಯ ಗಾಳಿ ಫಿಲ್ಟರನ್ನು ಮೆಲ್ಲಗೆ ತಟ್ಟುತ್ತಿದ್ದೆ. ಒಂದು ಸಲ ತಟ್ಟುವುದು, ಒಂದಿಷ್ಟು ತಿರುಗಿಸುವುದು, ಮತ್ತೆ ತಟ್ಟುವುದು. ಕೆಂಪು ಧೂಳು ಜರಡಿ ಹಿಡಿದ ಹಿಟ್ಟಿನ ಹಾಗೆ ಉದುರಿ ಬೂಟಿನ ಮೇಲೆ ಕೂರುತ್ತಿತ್ತು. ಇದು ಬುಧವಾರ ಮಧ್ಯಾಹ್ನದ ಕೆಲಸ. ಗುರುವಾರ ಬೆಳಗಾದರೆ ಅಂಚೆ ಗಾಡಿ ಹೊರಡಬೇಕು. ಅಷ್ಟರೊಳಗೆ ಅದರ ಮೂಗು ಕಟ್ಟಿದ್ದು ಬಿಡಬೇಕು.

"ಹಂಗೆ ತಟ್ಟಬೇಡ ಕಣಕ್ಕಾ," ಅಂತ ಬೇಲಿಯ ಆಚೆಯಿಂದ ದನಿ ಬಂತು. "ಧೂಳಿನ ಜೊತೆ ಕಾಗದವೂ ಹರಿಯುತ್ತೆ. ಆಮೇಲೆ ನಿನ್ನ ಇಂಜಿನ್ನು ಮರಳು ಕುಡಿಯುತ್ತೆ."

ದ್ರಾಗಿ ರಿಸ್ಟೆವ್ಸ್ಕಿ ಬಂದಿದ್ದ. ಪ್ರತಿ ವರ್ಷ ಮೇ ತಿಂಗಳಲ್ಲಿ ಕಡಲ ಕಡೆಯ ಪೋರ್ಟ್ ಆಗಸ್ಟಾ ಪಟ್ಟಣದಿಂದ ಮೇಲಕ್ಕೆ, ಈ ಒಣ ಒಳನಾಡಿಗೆ ಬಂದು, ನಮ್ಮ ಕುರ್ರಾಬಿಯ ಕುದುರೆ ಮೈದಾನದ ತಗಡಿನ ಶೆಡ್ಡಿನಲ್ಲಿ ಎರಡು ವಾರ ಬಿಡಾರ ಹೂಡುವ ಮನುಷ್ಯ. ಒಂದು ಮಡಚುವ ಕಂಪ್ಯೂಟರು, ಒಂದು ಸುರುಳಿ ವೈರು, ಒಂದು ಪೆಟ್ಟಿಗೆ ಸಾರ್ಡೀನ್ ಮೀನಿನ ಡಬ್ಬಿಗಳು, ಇಷ್ಟೇ ಅವನ ಸಾಮಾನು. ಇಂಜಿನ್ನಿನ ಒಳಗೂ ಒಂದು ಪುಟ್ಟ ಕಂಪ್ಯೂಟರು ಇರುತ್ತದಲ್ಲ, ಎಷ್ಟು ಡೀಸೆಲ್ ಚಿಮ್ಮಬೇಕು, ಯಾವ ಗಳಿಗೆಯಲ್ಲಿ ಚಿಮ್ಮಬೇಕು ಅಂತ ಹೇಳುವಂಥದ್ದು, ಅದರೊಳಗಿನ ಪಟ್ಟಿಯನ್ನು ಅವನು ತಿದ್ದಿ ಬರೆಯುತ್ತಾನೆ. ಊರಿನ ಹುಡುಗರು ಗಾಡಿಗೆ ಬಲ ಬೇಕು ಅಂತ ಹೋಗುತ್ತಾರೆ. ವಯಸ್ಸಾದವರು ಡೀಸೆಲ್ ಉಳಿದರೆ ಸಾಕು ಅಂತ ಹೋಗುತ್ತಾರೆ. ನಾನು ಇಷ್ಟು ವರ್ಷ ಯಾವುದಕ್ಕೂ ಹೋಗಿರಲಿಲ್ಲ. ಈ ಸಲ ನಾನೇ ಹೇಳಿಕಳಿಸಿದ್ದೆ.

ಕಾರಣ ಇಷ್ಟು. ನನ್ನ ಅಂಚೆ ದಾರಿ ಒಂದು ಸುತ್ತಿಗೆ ಆರುನೂರು ಕಿಲೋಮೀಟರು. ಒಂಬತ್ತು ಗೇಟು, ಒಂಬತ್ತು ಕುರಿ ಸ್ಟೇಷನ್ನು, ಅಂದರೆ ಮೈಲಿಗಟ್ಟಲೆ ಹರಡಿದ ಕುರಿ ಸಾಕುವ ಜಮೀನು. ನಡುದಾರಿಯಲ್ಲಿದ್ದ ರೋಡ್‌ಹೌಸ್ ಹೋಟೆಲು ಮೇ ಕೊನೆಗೆ ಬಾಗಿಲು ಹಾಕುತ್ತಿತ್ತು, ಅಲ್ಲಿನ ಡೀಸೆಲ್ ಪಂಪೂ ಅದರ ಜೊತೆಗೆ. ನನ್ನ ಗಾಡಿಯ ಟ್ಯಾಂಕು ಎಂಬತ್ತು ಲೀಟರಿನದು. ಒಂದು ಸುತ್ತಿಗೆ ಅದು ಕುಡಿಯುತ್ತಿದ್ದದ್ದೂ ಹೆಚ್ಚುಕಡಿಮೆ ಎಂಬತ್ತೇ. ಅಂಚೆ ಇರುವ ಗಾಡಿಯಲ್ಲಿ ಡೀಸೆಲ್ ಕ್ಯಾನು ಒಯ್ಯುವಂತಿಲ್ಲ, ಮತ್ತು ಊರಿಗೆ ಮರಳಿದಾಗ ಟ್ಯಾಂಕಿನಲ್ಲಿ ಎಂಟು ಲೀಟರ್ ಉಳಿದಿರಲೇಬೇಕು ಅಂತ ಗುತ್ತಿಗೆಯ ಕಾಗದದಲ್ಲಿದೆ. ದೊಡ್ಡ ಟ್ಯಾಂಕು ತರಿಸಲು ಐದು ತಿಂಗಳು ಬೇಕಂತೆ. ಜೂನ್ ಒಂದರೊಳಗೆ ಆ ಎಂಟು ಲೀಟರ್ ಉಳಿಸಿ ತೋರಿಸದಿದ್ದರೆ ದಾರಿಯನ್ನು ಕೆಳಗಿನ ಊರಿನ ದೊಡ್ಡ ಲಾರಿಯವರಿಗೆ ಕೊಡುತ್ತೇವೆ, ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಾರೆ ಅಂತ ಗುತ್ತಿಗೆಯವರು ಫೋನಿನಲ್ಲಿ ಹೇಳಿದ್ದರು. ಮಾತು ಮೆತ್ತಗೇ ಇತ್ತು. ನಿಮಗೂ ಎಪ್ಪತ್ತೊಂದಾಯಿತಲ್ಲ ಅಂತಲೂ ಸೇರಿಸಿದರು.

ಎಪ್ಪತ್ತೊಂದಾಗಿದ್ದು ಹೌದು. ಆದರೆ ಗುರುವಾರ ಬಿಟ್ಟರೆ ವಾರದ ಉಳಿದ ದಿನಗಳಲ್ಲಿ ವರ್ನಾ ಅನ್ನುವ ನನ್ನ ಹೆಸರು ಬೇರೆಯವರ ಬಾಯಲ್ಲಿ ಕೇಳಿಬರುವುದೇ ಅಪರೂಪ. ನನ್ನ ಗಂಡ ಕ್ಲೆಮ್ ಹೋಗಿ ಆರು ವರ್ಷ. ಮನೆಯಲ್ಲಿ ರೇಡಿಯೋ ಮಾತಾಡುತ್ತದೆ, ನಾನು ಉತ್ತರ ಕೊಡುತ್ತೇನೆ, ಅದು ತನ್ನ ಪಾಡಿಗೆ ಹವಾಮಾನ ಹೇಳಿಕೊಂಡು ಹೋಗುತ್ತದೆ. ಗುರುವಾರ ಮಾತ್ರ ಒಂಬತ್ತು ಗೇಟಿನಲ್ಲಿ ಒಂಬತ್ತು ಜನ ನನ್ನನ್ನು ಕಾಯುತ್ತಿರುತ್ತಾರೆ. ಕಾಯುವುದು ಅಂಚೆಗೇ ಇರಲಿ, ಕಿಟಕಿಯಲ್ಲಿ ಕಾಣುವುದು ನನ್ನ ಮುಖ ತಾನೇ. ಈ ದಾರಿ ಹೋದರೆ ನನಗೆ ಏನು ಉಳಿಯುತ್ತದೆ ಅನ್ನುವುದನ್ನು ನಾನು ಯೋಚಿಸುತ್ತಲೇ ಇರಲಿಲ್ಲ. ಫಿಲ್ಟರು ತಟ್ಟುತ್ತಿದ್ದೆ.

ದ್ರಾಗಿ ಬಂದು ಸ್ಟೀರಿಂಗಿನ ಕೆಳಗೆ ಬಗ್ಗಿ, ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಸಿಕ್ಕಿಸಿದ. ನಾಳೆ ಎಂದಿನ ಹಾಗೇ ಹೋಗಿ ಬಾ, ಏನೂ ಬದಲಾಯಿಸಬೇಡ, ಈ ಡಬ್ಬಿ ಸುಮ್ಮನೆ ಕೇಳಿಸಿಕೊಳ್ಳುತ್ತೆ ಅಂದ. ಈಗಲೇ ಬರೆದುಬಿಡಬಾರದೇ ಅಂತ ಕೇಳಿದೆ. ಅವನು ಮಂಡಿ ಒರೆಸಿಕೊಂಡು ಎದ್ದ.

"ನಮ್ಮ ಕಸುಬಿನಲ್ಲಿ ಒಂದೇ ನಿಯಮ ಅಕ್ಕಾ. ಮೊದಲು ಓದಬೇಕು, ಆಮೇಲೆ ಬರೀಬೇಕು. ಓದದೇ ಬರೆದರೆ ಗಾಡಿ ಸತ್ತುಹೋಗುತ್ತೆ, ಹಳೇದು ಏನಿತ್ತು ಅಂತ ದೇವರಿಗೂ ಗೊತ್ತಾಗಲ್ಲ."

ಆ ಮಾತು ಕೇಳಿ ನಾನು ತಟ್ಟುವುದನ್ನು ಬಿಟ್ಟು ಫಿಲ್ಟರನ್ನು ಮಡಿಲಲ್ಲಿ ಇಟ್ಟುಕೊಂಡೆ. ಅವನು ಟೀ ಇದೆಯಾ ಅಂದ ಮೇಲೆ ಎದ್ದೆ.

ಗುರುವಾರ ಎಂದಿನ ಹಾಗೇ ಹೋಗಿಬಂದೆ. ಅವನು ಹೇಳಿದ್ದೂ ಅದನ್ನೇ ಅಲ್ಲವೇ.

ಐದನೆಯ ಗೇಟು ದಾಟಿದ ಮೇಲೆ ಎಡಕ್ಕೆ ಒಂದು ಹಾದಿ ಒಡೆಯುತ್ತದೆ. ಅದು ನನ್ನ ಪಟ್ಟಿಯಲ್ಲಿಲ್ಲ. ಬೂದು ಬಣ್ಣದ ಸಾಲ್ಟ್‌ಬುಷ್ ಪೊದೆಗಳ ನಡುವೆ ಒಂಬತ್ತು ಕಿಲೋಮೀಟರು ಹೋದರೆ ಮೆರ್ಲ್ ಪಾಸ್ಕೋಳ ಗೇಟು. ಗೇಟಿನ ಪಕ್ಕ ಹಳೆಯ ಎಣ್ಣೆ ಡ್ರಮ್ಮನ್ನು ಅಡ್ಡ ಮಲಗಿಸಿ ಮಾಡಿದ ಅಂಚೆಪೆಟ್ಟಿಗೆ. ಅದರ ಬಾಯಿಗೆ ಜೇಡ ಬಲೆ ಕಟ್ಟುತ್ತದೆ, ಗಾಳಿ ಅದನ್ನು ಕಿತ್ತುಹಾಕುತ್ತದೆ, ಜೇಡ ಮತ್ತೆ ಕಟ್ಟುತ್ತದೆ. ಅಲ್ಲಿಂದ ಎರಡು ಕಿಲೋಮೀಟರು ಒಳಗೆ ಮನೆ. ಗಾಳಿಯಂತ್ರದ ತಲೆ ಕಾಣುತ್ತದೆ, ಕೆಲವು ವಾರ ತಂತಿಯ ಮೇಲೆ ಒಗೆದ ಬಟ್ಟೆ ಕಾಣುತ್ತದೆ. ಅಷ್ಟು ಕಂಡರೆ ಅವಳು ಚೆನ್ನಾಗಿದ್ದಾಳೆ ಅಂತ ಲೆಕ್ಕ.

ನಾನು ಗೇಟಿನ ಮುಂದೆ ಗಾಡಿ ನಿಲ್ಲಿಸುತ್ತೇನೆ, ಇಂಜಿನ್ ಆರಿಸುವುದಿಲ್ಲ. ಆರಿಸಿದರೆ ನಿಂತಂತಾಗುತ್ತದೆ. ಓಡುತ್ತಿದ್ದರೆ, ಇದೋ ಈಗ ಹೊರಟೆ ಅಂತ ಯಾರಿಗಾದರೂ ಹೇಳಬಹುದು. ತಲೆಯ ಮೇಲಿನ ಬಿಸಿಲುಪಟ್ಟಿಯನ್ನು ಕೆಳಗೆ ಎಳೆದರೆ ಅದರ ಹಿಂದೆ ಒಂದು ಕಾಗದ. ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಆಮೇಲೆ ಮತ್ತೆ ಪಟ್ಟಿಯ ಹಿಂದೆ ಸಿಕ್ಕಿಸಿ ಗಾಡಿ ತಿರುಗಿಸುತ್ತೇನೆ. ಕ್ಲೆಮ್ ಸತ್ತ ಮೇಲಿನ ಎಲ್ಲ ಗುರುವಾರವೂ ಇದೇ.

ಕಾಗದದಲ್ಲಿರುವುದು ಇಪ್ಪತ್ತಾರು ವರ್ಷದ ಹಿಂದಿನ ಸಂಗತಿ. ಆಗ ಗಾಡಿ ಓಡಿಸುತ್ತಿದ್ದವನು ಕ್ಲೆಮ್, ನಾನು ಪಕ್ಕದಲ್ಲಿ ಕೂತು ಗೇಟು ತೆಗೆಯುವವಳು. ನನಗೆ ಓದಲು ಬರುತ್ತಿರಲಿಲ್ಲ. ಕುರಿಯ ಉಣ್ಣೆ ಕತ್ತರಿಸುವವರ ಹಿಂದೆ ಶೆಡ್ಡಿನಿಂದ ಶೆಡ್ಡಿಗೆ ಅಲೆದ ಮನೆಯವಳು ನಾನು. ಶಾಲೆ ಅನ್ನುವುದು ನಮ್ಮ ಗಾಡಿ ನಿಲ್ಲದ ಜಾಗವಾಗಿತ್ತು. ಇದು ಗೊತ್ತಿದ್ದದ್ದು ಕ್ಲೆಮ್‌ಗೆ ಮಾತ್ರ. ಹೆಸರುಗಳನ್ನು ನಾನು ಆಕಾರದಿಂದ ಗುರುತು ಹಿಡಿಯುತ್ತಿದ್ದೆ, ಜನರನ್ನು ದೂರದಿಂದ ನಡಿಗೆಯಲ್ಲೇ ಗುರುತು ಹಿಡಿಯುವ ಹಾಗೆ. ಒಂದು ವಾರ ಕ್ಲೆಮ್‌ನ ಸೊಂಟ ಹಿಡಿದುಕೊಂಡಿತು. ಅಂಚೆ ವಿಂಗಡಿಸಿ, ಆಗ ಮೆರ್ಲ್‌ಳದೂ ಸೇರಿ ಹತ್ತು ಚೀಲಕ್ಕೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು.

ಪಾಸ್ಕೋ ಮತ್ತು ಪ್ರಿಸ್ಕ್. ಇಂಗ್ಲಿಷಿನಲ್ಲಿ ಎರಡೂ ಶುರುವಾಗುವುದು ಕೋಲಿನ ತುದಿಗೆ ಹೊಟ್ಟೆ ಅಂಟಿಸಿದಂಥ ಒಂದೇ ಅಕ್ಷರದಿಂದ. ಆ ವಾರ ಬಂದ ಒಂದು ಲಕೋಟೆಯ ಮೇಲಿನ ಬರಹ ನಡುಗಿತ್ತು, ಅಕ್ಷರಗಳು ಒಂದರ ಮೇಲೊಂದು ಬಿದ್ದು ಹೆಸರು ಗಿಡ್ಡವಾಗಿತ್ತು. ಗಿಡ್ಡ ಹೆಸರು ಪ್ರಿಸ್ಕನದು ಅಂತ ಅವನ ಚೀಲಕ್ಕೆ ಹಾಕಿದೆ. ಪ್ರಿಸ್ಕ್ ಒಬ್ಬಂಟಿ ಮುದುಕ, ಕಾಡುನಾಯಿ ಹಿಡಿಯುವವನು. ಬಂದ ಕಾಗದ ಯಾವುದನ್ನೂ ಒಡೆಯದೆ ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದ. ಏಳು ತಿಂಗಳ ಮೇಲೆ ಮೊಳೆ ತುಂಬಿದಾಗ ನೋಡಿ, ಇದು ನನ್ನದಲ್ಲ ಅಂತ ವಾಪಸು ಕೊಟ್ಟ. ಅದು ಮೆರ್ಲ್‌ಳ ಅಕ್ಕ ದೂರದ ಕಾಲ್ಗೂರ್ಲಿಯ ಆಸ್ಪತ್ರೆಯಿಂದ ಬರೆದ ಕಾಗದ. ಒಂದು ಸಲ ಬಂದು ಹೋಗು, ಜಗಳ ಮರೆತುಬಿಡು ಅಂತ. ಅಕ್ಕ ತೀರಿಕೊಂಡು ಅಷ್ಟರಲ್ಲಿ ಆರು ತಿಂಗಳಾಗಿತ್ತು.

ಕ್ಲೆಮ್ ಗೇಟಿನ ಹತ್ತಿರ ಟೋಪಿ ತೆಗೆದು, ನನ್ನ ಕಣ್ಣು ತಪ್ಪಿತು ಮೆರ್ಲ್ ಅಂದ. ನಾನು ಗಾಡಿಯೊಳಗೆ ಕೂತಿದ್ದೆ. ಅದಕ್ಕೆ ಮುಂಚೆ ಪ್ರತಿ ವಾರ ಮೆರ್ಲ್ ಗೇಟಿನವರೆಗೆ ನಡೆದು ಬಂದು, ಟೀ ಬಗ್ಗಿಸಿಕೊಟ್ಟು, ಗಾಡಿಯ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತು ಊರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದಳು. ಇಷ್ಟು ನಗುವ ಹೆಂಗಸನ್ನು ನಾನು ಮತ್ತೆ ನೋಡಿಲ್ಲ. ಅವತ್ತು ಅವಳು ಕ್ಲೆಮ್‌ನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ನನ್ನ ಚೀಲ ಇನ್ನು ಬೇಡ ಅಂದಳು. ಊರಿನ ಅಂಚೆ ಕಚೇರಿಯಲ್ಲಿ ಸ್ವಂತ ಪೆಟ್ಟಿಗೆ ತೆಗೆದುಕೊಂಡಳು, ಮೂವತ್ತೊಂದನೆಯದು. ಮಂಗಳವಾರ ತಾನೇ ಬಂದು ತೆಗೆದುಕೊಂಡು ಹೋಗುತ್ತಾಳೆ. ಕ್ಲೆಮ್ ಜೊತೆ ಅವನು ಸಾಯುವವರೆಗೂ ಮಾತಾಡಲಿಲ್ಲ, ಮಣ್ಣಿಗೂ ಬರಲಿಲ್ಲ. ಅವನೂ ಒಂದು ದಿನ ನನ್ನ ಮುಂದೆ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು.

ಆ ಚಳಿಗಾಲವೇ ನಾನು ಚರ್ಚಿನ ಸಭಾಂಗಣದ ಸಂಜೆ ಪಾಠಕ್ಕೆ ಸೇರಿದೆ. ಎರಡು ಚಳಿಗಾಲ ಹೋದೆ. ಕೊನೆಯಲ್ಲಿ ಮೇಡಂ ನಿಮಗೆ ಬೇಕಾದವರಿಗೆ ಒಂದು ಕಾಗದ ಬರೆಯಿರಿ ಅಂದರು. ನನ್ನ ಜೀವನದ ಮೊದಲ ಕಾಗದವನ್ನು ಮೆರ್ಲ್‌ಗೆ ಬರೆದೆ. ಅದರಲ್ಲಿ ತಪ್ಪುಗಳಿವೆ ಅನ್ನಿಸಿ ಎರಡು ವರ್ಷದ ಮೇಲೆ ಮತ್ತೆ ಬರೆದೆ. ಮತ್ತೂ ಬರೆದೆ. ಬಿಸಿಲುಪಟ್ಟಿಯ ಹಿಂದೆ ಇರುವುದು ಆರನೆಯದು. ನಮ್ಮ ದಾರಿಯಲ್ಲಿ ಒಂದು ಪದ್ಧತಿ ಇದೆ. ಪಕ್ಕದ ಗೇಟಿಗೆ ಹೋಗಬೇಕಾದ ಕಾಗದವೂ ಊರಿಗೆ ಬಂದು, ಕಚೇರಿಯಲ್ಲಿ ಮುದ್ರೆ ಹಾಕಿಸಿಕೊಂಡೇ ಹೋಗಬೇಕು. ಮುದ್ರೆಯಿಲ್ಲದ ಕಾಗದವನ್ನು ಅಂಚೆಯವಳು ಯಾರ ಪೆಟ್ಟಿಗೆಗೂ ಹಾಕುವಂತಿಲ್ಲ. ಈ ಪದ್ಧತಿ ನನಗೆ ತುಂಬಾ ಅನುಕೂಲವಾಗಿತ್ತು. ಪ್ರತಿ ವಾರ ಗೇಟಿನವರೆಗೆ ಹೋಗುತ್ತಿದ್ದೆ, ಹಾಕುವಂತಿಲ್ಲವಲ್ಲ ಅಂದುಕೊಂಡು ಮರಳುತ್ತಿದ್ದೆ.

ಶನಿವಾರ ದ್ರಾಗಿ ಮೈದಾನದ ಶೆಡ್ಡಿಗೆ ಗಾಡಿ ತರಲು ಹೇಳಿದ. ಕಂಪ್ಯೂಟರು ತೆರೆಯುವ ಮುಂಚೆ ಅವನು ಒಂದು ಸೀಮೆಸುಣ್ಣ ತೆಗೆದು ಹಿಂದಿನ ಟೈರಿಗೂ ನೆಲಕ್ಕೂ ಗೆರೆ ಎಳೆದ. ಗಾಡಿಯನ್ನು ಟೈರು ಒಂದು ಸುತ್ತು ಬರುವಷ್ಟು ಮುಂದಕ್ಕೆ ಬಿಡಿಸಿ, ಮತ್ತೆ ಗೆರೆ ಎಳೆದು, ಟೇಪಿನಿಂದ ಅಳೆದ. ಈ ಟೈರು ಹಾಕಿದ್ದು ಯಾರು ಅಂದ. ಹನ್ನೆರಡು ವರ್ಷದ ಹಿಂದೆ ಹಳ್ಳದಲ್ಲಿ ಮೂರು ದಿನ ಹೂತುಹೋಗಿದ್ದ ಮೇಲೆ ಕ್ಲೆಮ್ ಹಟಕ್ಕೆ ಬಿದ್ದು ದೊಡ್ಡ ಟೈರು ಹಾಕಿಸಿದ, ಆಮೇಲೆ ಅದೇ ಅಳತೆಯದ್ದನ್ನೇ ಹಾಕಿಸುತ್ತ ಬಂದಿದ್ದೇನೆ ಅಂದೆ.

ಅವನು ಡಬ್ಬದ ಮೇಲೆ ಕೂತು ನಿಧಾನವಾಗಿ ಹೇಳಿದ. ಟೈರು ದೊಡ್ಡದಾದರೆ ಮೀಟರು ಕಡಿಮೆ ತೋರಿಸುತ್ತದೆ. ನನ್ನ ಗಾಡಿ ನೂರು ಕಿಲೋಮೀಟರು ಓಡಿದರೆ ತೊಂಬತ್ತಾರು ಅನ್ನುತ್ತದೆ. ಹಾಗಾಗಿ ಆರುನೂರರ ದಾರಿಗೆ ಐನೂರ ಎಪ್ಪತ್ತಾರು ಬರಬೇಕು.

"ನೀನು ಗುತ್ತಿಗೆಯವರಿಗೆ ಬರೆದುಕೊಡೋದು ಎಷ್ಟು?" ಅಂದ.

ಮೀಟರಿನಲ್ಲಿ ಇದ್ದದ್ದು, ಐನೂರ ತೊಂಬತ್ತನಾಲ್ಕು, ಅಂದೆ. ಆರುನೂರಕ್ಕೆ ಹತ್ತಿರವೇ ಇದ್ದದ್ದರಿಂದ ಈ ಆರು ವರ್ಷ ಯಾರೂ ಕೇಳಿರಲಿಲ್ಲ.

ದ್ರಾಗಿ ಬೆರಳು ಮಡಿಸಿದ. "ಹದಿನೆಂಟು ಜಾಸ್ತಿ ಇದೆ ಅಕ್ಕಾ."

ಒಂದು ಕಾಗೆ ತಗಡಿನ ಮೇಲೆ ನಡೆಯುತ್ತಿತ್ತು. ಅದರ ಉಗುರಿನ ಸದ್ದು ಶೆಡ್ಡಿನ ಒಳಗೆಲ್ಲ ಕೇಳುತ್ತಿತ್ತು. ಗೇಟುಗಳ ಹತ್ತಿರ ಗಾಡಿ ಹಿಂದೆ ಮುಂದೆ ಮಾಡುತ್ತೇನಲ್ಲ ಅಂದೆ. ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಪರದೆಯ ಮೇಲೆ ನನ್ನ ಗುರುವಾರ ಒಂದು ಹಸಿರು ಗೆರೆಯಾಗಿ ಮಲಗಿತ್ತು. ವೇಗ ಏರಿದಲ್ಲಿ ಗೆರೆ ಏರುತ್ತದೆ, ಗೇಟು ಬಂದಲ್ಲಿ ಇಳಿಯುತ್ತದೆ. ಒಂಬತ್ತು ಗೇಟನ್ನು ಅವನು ಪೆನ್ಸಿಲಿನ ತುದಿಯಿಂದ ಎಣಿಸಿದ. ಎಲ್ಲ ಎರಡೆರಡು ಮೂರು ಮೂರು ನಿಮಿಷ. ಐದು ಮತ್ತು ಆರರ ನಡುವೆ ಇನ್ನೊಂದು ತಗ್ಗು. ಅಲ್ಲಿ ಗೆರೆ ನೆಲಕ್ಕೆ ಬಿದ್ದು ಹನ್ನೊಂದು ನಿಮಿಷ ಏಳಲೇ ಇಲ್ಲ.

"ಇಂಜಿನ್ನು ಓಡ್ತಾ ಇದೆ, ಗಾಡಿ ನಿಂತಿದೆ," ಅಂದ ದ್ರಾಗಿ. "ಬಾಗಿಲು ತೆಗೆದ ಗುರುತೂ ಇಲ್ಲ. ಇದು ಯಾರ ಗೇಟು?"

"ಪಟ್ಟಿಯಲ್ಲಿ ಇಲ್ಲದ್ದು."

"ಪಟ್ಟಿಯಲ್ಲಿ ಇಲ್ಲ ಅನ್ನೋದು ಕಾಣ್ತಾ ಇದೆ."

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ನನ್ನ ಹೆಂಡತಿ ಹೇಳ್ತಾಳೆ, ನೀನು ಊರಿನವರ ಗಾಡಿಯನ್ನೆಲ್ಲ ಓದ್ತೀಯ, ನನ್ನ ಮುಖ ಓದೋಕೆ ಬರಲ್ಲ ಅಂತ, ಅಂದ. ನಗು ಬಂದರೆ ನಗಲಿ ಅಂತ ಹೇಳಿದ್ದು. ಆಮೇಲೆ ಲೆಕ್ಕಕ್ಕೆ ಬಂದ. ಕಾರ್ಖಾನೆಯವರು ಹಿಮದ ದೇಶಕ್ಕೂ ನಮ್ಮ ಊರಿಗೂ ಒಂದೇ ಪಟ್ಟಿ ಬರೆದು ಕಳಿಸುತ್ತಾರೆ. ಅವನು ನನ್ನ ಭಾರಕ್ಕೆ, ನನ್ನ ವೇಗಕ್ಕೆ ಹೊಂದುವ ಹಾಗೆ ತಿದ್ದಿದರೆ, ಇಂಜಿನ್ನು ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ, ಎತ್ತರದ ಗೇರಿನಲ್ಲೇ ನಿಲ್ಲುತ್ತದೆ. ಎಂಬತ್ತು ಕುಡಿಯುತ್ತಿದ್ದದ್ದು ಎಪ್ಪತ್ತನಾಲ್ಕಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ತಳ್ಳಿದರೆ ಇಂಜಿನ್ನಿಗೆ ಜ್ವರ ಬರುತ್ತದೆ, ಅದನ್ನು ತಾನು ಮಾಡುವುದಿಲ್ಲ.

ಎಪ್ಪತ್ತನಾಲ್ಕು ಹೋದರೆ ಉಳಿಯುವುದು ಆರು. ಬೇಕಾದದ್ದು ಎಂಟು.

"ಆ ಹದಿನೆಂಟಕ್ಕೆ ಎರಡು ಲೀಟರು ಚಿಲ್ಲರೆ ಆಗುತ್ತೆ ಅಕ್ಕಾ," ಅಂದ ಅವನು, ಪರದೆಯ ಕಡೆ ನೋಡುತ್ತ. "ನಾನು ಇಂಜಿನ್ನಿಗೆ ಬರೀಬಲ್ಲೆ. ಅದಕ್ಕೆ ಮಾತ್ರ ನನ್ನ ಹತ್ರ ವೈರಿಲ್ಲ."

ಅದಾದ ಮೇಲೆ ಅವನು ಕೆಲಸ ಶುರುಮಾಡಿದ. ಮೊದಲು ಹಳೆಯ ಪಟ್ಟಿಯನ್ನು ಪೂರ್ತಿ ಓದಿ, ನನ್ನ ಹೆಸರು ಹಾಕಿ ತೆಗೆದಿಟ್ಟ. ಇದು ನಿನ್ನ ಗಾಡಿ ಹುಟ್ಟಿದಾಗ ಹೆಂಗಿತ್ತೋ ಹಂಗೆ, ಬೇಕೆಂದಾಗ ಮರಳಿ ಹೋಗಬಹುದು ಅಂದ. ಬ್ಯಾಟರಿಗೆ ಚಾರ್ಜರು ಕಟ್ಟಿದ. ಬರೆಯುವಾಗ ಕರೆಂಟು ಹೋದರೆ, ಯಾರಾದರೂ ಕೀ ತಿರುಗಿಸಿದರೆ, ಒಳಗಿನ ಕಂಪ್ಯೂಟರು ಅರ್ಧ ವಾಕ್ಯದಲ್ಲಿ ನಿಂತುಹೋಗುತ್ತದಂತೆ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಹಾಗಾಗಿ ಆ ಹದಿನಾಲ್ಕು ನಿಮಿಷ ನಾವಿಬ್ಬರೂ ಗಾಡಿಯನ್ನು ಮುಟ್ಟದೆ, ಮಗು ಮಲಗಿದ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿದ್ದೆವು. ನಾನು ಅವನಿಗೆ ಎಲ್ಲವನ್ನೂ ಹೇಳಿದ್ದು ಆಗಲೇ. ಇಪ್ಪತ್ತಾರು ವರ್ಷ ಬಾಯಿಗೆ ಬರದೆ ಇದ್ದದ್ದು, ಪರದೆಯ ಮೇಲೆ ನೂರರವರೆಗೆ ಅಂಕಿ ಏರುವಷ್ಟು ಹೊತ್ತಿನಲ್ಲಿ ಮುಗಿಯಿತು. ಅವನು ಅಯ್ಯೋ ಪಾಪ ಅನ್ನಲಿಲ್ಲ. ಓದೋಕೆ ಬರುತ್ತಿರಲಿಲ್ಲ ಅನ್ನೋದನ್ನ ಕಾಗದದಲ್ಲಿ ಬರೆದಿದೀಯ ತಾನೇ ಅಂತ ಮಾತ್ರ ಕೇಳಿದ. ಹೌದು ಅಂದೆ. ಬರೆದೇ ಇರುತ್ತೇನೆ ಅಂತ ನನಗೆ ಅನುಮಾನವೇ ಇರಲಿಲ್ಲ.

ಮುಂದಿನ ಗುರುವಾರ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ ಹೊರಟೆವು. ದ್ರಾಗಿ ಪಕ್ಕದಲ್ಲಿ, ತೊಡೆಯ ಮೇಲೆ ಕಂಪ್ಯೂಟರು, ಕಾಲಡಿಯಲ್ಲಿ ನನ್ನ ಕಾರ್ನ್ಡ್ ಬೀಫ್ ಸ್ಯಾಂಡ್‌ವಿಚ್ಚಿನ ಡಬ್ಬಿ. ಗಾಡಿಯ ದನಿ ಬದಲಾಗಿತ್ತು. ಮುಂಚೆ ಸಣ್ಣ ದಿಬ್ಬ ಬಂದರೂ ಗೇರು ಇಳಿಸಿ ಗೊಣಗುತ್ತಿದ್ದದ್ದು ಈಗ ತಲೆ ತಗ್ಗಿಸಿ ಅದೇ ಗೇರಿನಲ್ಲಿ ಹತ್ತಿಬಿಡುತ್ತಿತ್ತು. ಆರು ವರ್ಷದಿಂದ ಖಾಲಿಯಿದ್ದ ಸೀಟಿನಲ್ಲಿ ಒಬ್ಬ ಮನುಷ್ಯ ಕೂತು ತಿನ್ನುತ್ತಿದ್ದ. ಗೇಟಿನವರೆಲ್ಲ ಇಣುಕಿ ನೋಡಿ, ಏನು ವರ್ನಾ, ಹೊಸ ಗಂಡನೇ ಅಂತ ಕೇಳಿದರು. ನಾಲ್ಕನೆಯ ಗೇಟಿನಲ್ಲಿ ದ್ರಾಗಿಯೇ, ಇಲ್ಲ, ಹಳೇ ಮೀಟರು ಅಂದ.

ಐದನೆಯ ಗೇಟು ದಾಟಿತು. ಎಡಕ್ಕೆ ಹಾದಿ ಕಾಣಿಸಿತು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಕೈ ಇಂಡಿಕೇಟರಿಗೆ ಹೋಯಿತು. ನೂರು ಮೈಲಿಗೆ ಇನ್ನೊಂದು ಗಾಡಿಯಿಲ್ಲದ ಕಡೆ ಇಂಡಿಕೇಟರು ಯಾರಿಗೆ ಅಂತ ಆ ಗಳಿಗೆಯಲ್ಲಿ ಹೊಳೆಯಿತು. ದ್ರಾಗಿ ಬಲಗಡೆಯ ಬಯಲಿನಲ್ಲಿ ಎರಡು ಎಮು ಹಕ್ಕಿಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

"ನೀನೇನಾದರೂ ಹೇಳು," ಅಂದೆ.

"ನಾನು ಓದೋನು ಅಕ್ಕಾ. ಓಡಿಸೋಳು ನೀನು."

ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಿತ್ತು. ಅದನ್ನು ಆರಿಸಿದೆ. ಹಾದಿ ಎಡಗಡೆಯಿಂದ ಹಿಂದಕ್ಕೆ ಸರಿದು ಕನ್ನಡಿಯೊಳಗೆ ಬಂತು, ಆಮೇಲೆ ನಮ್ಮದೇ ಧೂಳು ಅದನ್ನು ಮುಚ್ಚಿತು. ಬಹಳ ದೂರ ಹೋಗುವವರೆಗೆ ಗಾಳಿಯಂತ್ರದ ತಲೆ ಕಾಣುತ್ತದೇನೋ ಅಂತ ನೋಡಿದೆ. ಹೆದ್ದಾರಿಯಿಂದ ಅದು ಕಾಣುವುದಿಲ್ಲ ಅಂತ ನನಗೆ ಗೊತ್ತಿತ್ತು.

ಸಂಜೆ ಕುರ್ರಾಬಿಗೆ ಮರಳಿ ಮತ್ತೆ ಟ್ಯಾಂಕು ತುಂಬಿಸಿದೆವು. ಹಿಡಿದದ್ದು ಎಪ್ಪತ್ತೊಂದೂವರೆ. ಅಂದರೆ ಎಂಟೂವರೆ ಉಳಿದಿತ್ತು. ದ್ರಾಗಿ ಎಲ್ಲವನ್ನೂ ಬರೆದು ಸಹಿ ಹಾಕಿದ, ಗುತ್ತಿಗೆಯವರಿಗೆ ಕಳಿಸಿದೆವು. ಶನಿವಾರ ಅವನು ವೈರು ಸುತ್ತಿಕೊಂಡು, ನಾನು ಕೊಟ್ಟ ಮೂರು ಬಾಟಲಿ ಕ್ವಾಂಡಾಂಗ್ ಹಣ್ಣಿನ ಜಾಮನ್ನು ಸಾರ್ಡೀನ್ ಖಾಲಿಯಾದ ಜಾಗದಲ್ಲಿಟ್ಟುಕೊಂಡು ಹೊರಟುಹೋದ. ಸೋಮವಾರ ಫೋನು ಬಂತು. ದಾರಿ ನಿಮ್ಮದೇ, ಇನ್ನೂ ಎರಡು ವರ್ಷ, ಅಂದರು. ಥ್ಯಾಂಕ್ಸ್ ಹೇಳಿ ಫೋನಿಟ್ಟೆ. ಯಾರಿಗಾದರೂ ಹೇಳೋಣ ಅನ್ನಿಸಿತು. ರೇಡಿಯೋ ಹಾಕಿದೆ.

ದಾರಿ ಉಳಿಯಿತು. ಆ ಗೇಟು ಹೋಯಿತು. ಸ್ವಂತ ಡೀಸೆಲ್ ಹಾಕಿಕೊಂಡು ಭಾನುವಾರ ಹೋಗಬಹುದಿತ್ತು, ಯಾರ ತಕರಾರೂ ಇರಲಿಲ್ಲ. ಆದರೆ ಅಂಚೆ ಗಾಡಿ ಅಂತ ಹೋಗುವುದು ಬೇರೆ, ಭಾನುವಾರದ ಬಟ್ಟೆ ಹಾಕಿಕೊಂಡು ಹೋಗುವುದು ಬೇರೆ. ಭಾನುವಾರ ಹೋದವಳು ಇಂಜಿನ್ ಆರಿಸಿ ಕೆಳಗೆ ಇಳಿಯಬೇಕಾಗುತ್ತದೆ.

ಬುಧವಾರ ಮಧ್ಯಾಹ್ನ ಫಿಲ್ಟರು ತೆಗೆದೆ. ತಟ್ಟಲಿಲ್ಲ, ದ್ರಾಗಿ ಹೇಳಿಕೊಟ್ಟ ಹಾಗೆ ಒಳಗಿನಿಂದ ಹೊರಕ್ಕೆ ಮೆತ್ತಗೆ ಗಾಳಿ ಹೊಡೆದೆ. ಮರಳಿ ಹಾಕಿ ಬಾನೆಟ್ಟು ಮುಚ್ಚಿದ ಮೇಲೆ ಬಿಸಿಲುಪಟ್ಟಿಯ ಹಿಂದಿನಿಂದ ಕಾಗದ ತೆಗೆದು ಅಡುಗೆಮನೆಯ ಮೇಜಿಗೆ ಬಂದೆ. ಲಕೋಟೆ ಬಿಸಿಲಿಗೆ ಕಂದಿ ಟೀ ಬಣ್ಣಕ್ಕೆ ತಿರುಗಿತ್ತು. ಹನ್ನೊಂದು ವರ್ಷದ ಹಿಂದೆ ಅಂಟಿಸಿದ ಮೇಲೆ ಅದನ್ನು ನಾನು ತೆರೆದಿರಲಿಲ್ಲ. ಮೊದಲು ಓದಬೇಕು.

ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು ಓದಿದೆ. ಬೆರಳಿಡುವ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ಎರಡು ಪುಟ. ಅಕ್ಷರ ದುಂಡಗೆ, ತಪ್ಪು ಒಂದೂ ಇಲ್ಲ. ನಿನ್ನ ಅಕ್ಕನ ವಿಷಯಕ್ಕೆ ದುಃಖವಾಗಿದೆ ಅಂತ ಇತ್ತು. ಕ್ಲೆಮ್ ಒಳ್ಳೆಯವನು ಅಂತ ಇತ್ತು. ಇಂಥ ತಪ್ಪು ಯಾರಿಗೂ ಆಗಬಹುದು ಅಂತ ಇತ್ತು. ನಿನ್ನ ಟೀ ನೆನಪಾಗುತ್ತದೆ ಅಂತ ಇತ್ತು. ಎರಡನೆಯ ಪುಟದ ಕೊನೆಯವರೆಗೂ ಬೆರಳು ಹೋಯಿತು. ಓದಲು ಬರುತ್ತಿರಲಿಲ್ಲ ಅನ್ನುವುದು ಎಲ್ಲೂ ಇರಲಿಲ್ಲ. ಆ ಚೀಲ ತುಂಬಿದವಳು ನಾನು ಅನ್ನುವುದೂ ಇರಲಿಲ್ಲ. ಆರು ಸಲ ಬರೆದಿದ್ದೆ. ಆರು ಸಲವೂ ಅಕ್ಷರದ ತಪ್ಪನ್ನೇ ಹುಡುಕುತ್ತಿದ್ದೆ.

ಆ ಮೇಜಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅದನ್ನು ಅಳೆಯಲು ಡಬ್ಬಿ ಇರಲಿಲ್ಲ.

ಹಳೆಯ ಎರಡು ಪುಟವನ್ನು ಹರಿಯಲಿಲ್ಲ, ಡ್ರಾಯರಿನಲ್ಲಿ ತೆಗೆದಿಟ್ಟೆ. ಹೊಸ ಹಾಳೆ ತೆಗೆದುಕೊಂಡು ಬರೆದೆ. ಮೆರ್ಲ್, ನಿನ್ನ ಅಕ್ಕನ ಕಾಗದವನ್ನು ಪ್ರಿಸ್ಕನ ಚೀಲಕ್ಕೆ ಹಾಕಿದವಳು ನಾನು. ಕ್ಲೆಮ್ ಅಲ್ಲ. ನನಗೆ ಆಗ ಓದಲು ಬರುತ್ತಿರಲಿಲ್ಲ. ಅವನು ನನಗೋಸ್ಕರ ಸುಳ್ಳು ಹೇಳಿದ, ನಾನು ಗಾಡಿಯಲ್ಲಿ ಕೂತು ಕೇಳಿಸಿಕೊಂಡೆ. ಈಗ ಓದಲು ಬರುತ್ತದೆ. ನೀನು ಏನು ಬರೆದರೂ ಓದುತ್ತೇನೆ. ವರ್ನಾ ಟ್ರೆಲೋರ್. ಮೂರು ಕಡೆ ಅಕ್ಷರ ತಪ್ಪಿತು ಅನ್ನಿಸುತ್ತದೆ. ತಿದ್ದಲಿಲ್ಲ.

ಅಂಚೆ ಕಚೇರಿ ಮುಚ್ಚಲು ಹತ್ತು ನಿಮಿಷ ಇತ್ತು. ಕಚೇರಿ ನೋಡಿಕೊಳ್ಳುವ ಡಲ್ಸಿ ನಾಳೆಯ ಚೀಲಗಳನ್ನು ಕೊಕ್ಕೆಗೆ ನೇತುಹಾಕುತ್ತಿದ್ದಳು. ಒಂದು ಸ್ಟಾಂಪು ಕೊಡು ಅಂದೆ. ಇಪ್ಪತ್ತು ವರ್ಷದಲ್ಲಿ ನೀನು ನನ್ನ ಹತ್ರ ಸ್ಟಾಂಪು ಕೊಂಡಿದ್ದು ಕಂಡಿಲ್ಲ, ಕುಂಬಾರನ ಮನೇಲಿ ಮಡಕೆಗೆ ಬರ ಬಂತಾ ಅಂತ ಅಣಕಿಸಿದಳು. ಸ್ಟಾಂಪು ಹರಿಯುತ್ತ, ತಡಿ, ಒಂದು ವಿಷಯ, ಅಂದಳು.

"ನಿನ್ನೆ ಮೆರ್ಲ್ ಬಂದಿದ್ಲು. ವರ್ನಾ ಗಾಡಿ ಕೆಟ್ಟಿದೆಯಾ ಅಂತ ಕೇಳಿದ್ಲು. ಗುರುವಾರ ಧೂಳು ಕಾಣಲಿಲ್ಲವಂತೆ. ಅವಳಿಗ್ಯಾಕೆ ಮಾರಾಯ್ತಿ ನಿನ್ನ ಧೂಳಿನ ಚಿಂತೆ?"

ಸ್ಟಾಂಪಿನ ಅಂಟು ನಾಲಗೆಗೆ ಕಹಿಯಾಗಿತ್ತು. ಗಾಡಿ ಕೆಟ್ಟಿಲ್ಲ, ಸರಿಯಾಗಿದೆ ಅಂದೆ.

ಮೂವತ್ತೊಂದನೆಯ ಪೆಟ್ಟಿಗೆ ನಾನು ನಿಂತ ಜಾಗದಿಂದ ಐದು ಹೆಜ್ಜೆ ದೂರದಲ್ಲಿತ್ತು, ಹಿತ್ತಾಳೆಯ ಸಣ್ಣ ಬಾಗಿಲು, ಬಹಳ ವರ್ಷ ಒಂದೇ ಕೈ ಮುಟ್ಟಿ ಹೊಳಪು ಬಂದಿತ್ತು. ಕೊಡು, ಇಲ್ಲೇ ಹಾಕಿಬಿಡ್ತೀನಿ ಅಂತ ಡಲ್ಸಿ ಪೆಟ್ಟಿಗೆಯ ನಂಬರು ನೋಡಿ ಕೈ ಚಾಚಿದಳು. ಹೆಸರು ಓದಿದ ಮೇಲೆ ಚಾಚಿದ ಕೈ ಅಲ್ಲೇ ನಿಂತಿತು. ಬೇಡ, ಮುದ್ರೆ ಬೀಳಲಿ ಅಂದೆ. ಹೊರಗೆ ಬಂದು, ಗೋಡೆಯಲ್ಲಿನ ಕೆಂಪು ಬಾಯಿಯ ಹತ್ತಿರ ನಿಂತು, ಹೆಸರನ್ನು ಒಂದು ಸಲ ಬೆರಳಿಟ್ಟು ಓದಿದೆ, ಅಕ್ಷರ ಅಕ್ಷರವಾಗಿ, ಪಾಸ್ಕೋ ಅಂತಲೇ ಇದೆಯಾ ಅಂತ. ಇತ್ತು. ಕಾಗದವನ್ನು ಒಳಗೆ ಬಿಟ್ಟೆ.